ಇಪ್ಪತ್ತಕ್ಕೆ ಇಪ್ಪತ್ತು

ಏಳನೇ ತರಗತಿಯ ನತಾಶಾಳ ಪರೀಕ್ಷೆಯನ್ನು ನತಾಶಾ ಬರೆಯಲಿಲ್ಲ. ಅವಳ ಟೀಚರ್ ಎವ್ಲಿನ್ ಬರೆದರು, ನಂತೂರಿನಲ್ಲಿ ನಿಂತ ಸಿಟಿ ಬಸ್ಸಿನೊಳಗೆ ಕೂತು. ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬಂತು. ಮರುವಾರ, ಓದಲು ಬಾರದ ಮಕ್ಕಳಿಗೆಂದು ನಡೆಯುವ ಓದಿನ ಕ್ಲಾಸು ನತಾಶಾಳ ಪಾಲಿಗೆ ನಿಂತಿತು.

ಪಡೀಲಿನ ಆ ಕನ್ನಡ ಶಾಲೆಗೆ ಆಡಳಿತ ಮಂಡಳಿಯವರು ಹತ್ತು ಟ್ಯಾಬ್ ಕೊಟ್ಟಿದ್ದರು. ಹಾರ ಹಾಕಿಸಿಕೊಂಡು, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಹೋಗಿದ್ದರು. ಇಂಟರ್‌ನೆಟ್ಟಿನ ತಂತಿ ಮಾತ್ರ ಗೇಟಿನ ಹೊರಗಿನ ಕಂಬದವರೆಗೆ ಬಂದು ಅಲ್ಲೇ ಸುರುಳಿಯಾಗಿ ನೇತಾಡುತ್ತಿತ್ತು. ಹಾಗೆಂದು ಸುತ್ತೋಲೆ ನಿಲ್ಲುತ್ತದೆಯೇ? ವಾರಕ್ಕೊಂದು ಪರೀಕ್ಷೆ, ಪ್ರತಿ ಮಗುವಿಗೂ, ಮಂಡಳಿಯ ಆ್ಯಪಿನಲ್ಲೇ. ಆಗದಿದ್ದರೆ ಕ್ಲಾಸ್ ಟೀಚರಿಗೆ ನೋಟಿಸು. ಎವ್ಲಿನ್ ಗೌರವ ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಪ್ರತಿ ಜೂನಿನಲ್ಲೂ ಹೊಸದಾಗಿ ಕೈಮುಗಿದು ಪಡೆಯಬೇಕಾದ ಕೆಲಸ. ಅಂಥವರಿಗೆ ನೋಟಿಸು ಬಂತೆಂದರೆ ಮುಂದೆ ಕಾಣುವುದು ಗೇಟು ಮಾತ್ರ.

ಹಾಗಾಗಿ ಸಂಜೆ ಮಣ್ಣಗುಡ್ಡದ ಮನೆಗೆ ಮರಳುವಾಗ, ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡ ಹೊತ್ತಿಗೆ, ಅವರು ಮೊಬೈಲ್ ತೆಗೆದು ಇಪ್ಪತ್ತಾರು ಮಕ್ಕಳಾಗುತ್ತಿದ್ದರು. ಅಲ್ಲಿ ನೆಟ್ ಚೆನ್ನಾಗಿತ್ತು. ಒಬ್ಬೊಬ್ಬರ ಹೆಸರಿನಲ್ಲಿ ಆ್ಯಪಿನ ಒಳಹೋಗುವುದು, ಆ ಮಗು ಹೇಗೆ ತಪ್ಪುತ್ತದೋ ಹಾಗೆಯೇ ತಪ್ಪುವುದು. ಸ್ಮೃತಿ ಭಿನ್ನರಾಶಿಯಲ್ಲಿ ಎಡವಬೇಕು. ಗ್ಲೆನ್ ಪ್ರಶ್ನೆ ಓದದೆ ಮೊದಲ ಉತ್ತರವನ್ನೇ ಒತ್ತಬೇಕು. ಸುಳ್ಳನ್ನು ಇಷ್ಟು ಪ್ರಾಮಾಣಿಕವಾಗಿ ಬರೆದವರು ಊರಲ್ಲೇ ಇರಲಿಕ್ಕಿಲ್ಲ.

“ಎಂತ ಟೀಚರೇ, ದಿನಾ ಗೇಮಾ? ಯಾವ ಲೆವೆಲ್ ಆಯ್ತು?” ಎಂದು ಕಂಡಕ್ಟರ್ ಅಣ್ಣು ಒಮ್ಮೆ ಬಗ್ಗಿ ನೋಡಿದ್ದ.

“ಏಳನೇದು ಮಾರಾಯ. ದಾಟ್ಲಿಕ್ಕೇ ಆಗುವುದಿಲ್ಲ.”

ನತಾಶಾಳ ಸರದಿ ಬಂದಾಗ ಮಾತ್ರ ಬೆರಳು ತಡೆಯುತ್ತಿತ್ತು. ಒತ್ತಕ್ಷರ ಕಂಡರೆ ಆ ಹುಡುಗಿ ಪುಟದ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಡುವಳು; ಹಾಗಾಗಿ ಅವಳ ಹೆಸರಿಗೆ ವಾರವಾರವೂ ಸೊನ್ನೆ. ಮಧ್ಯಾಹ್ನದ ಓದಿನ ಕ್ಲಾಸಿಗೆ ನಾಲ್ಕು ತಿಂಗಳು ಕೂತ ಮೇಲೆ, ಒಂದು ದಿನ ಮೊದಲ ಸಲ ‘ಬಣ್ಣ’ ಎಂಬುದನ್ನು ತಾನೇ ಕೂಡಿಸಿ ಓದಿ ಚಪ್ಪಾಳೆ ತಟ್ಟಿಕೊಂಡಿದ್ದಳು. ಅಂದು ಸಂಜೆ ಬಸ್ಸಿನಲ್ಲಿ, ಆ ಖುಷಿಗೆ, ಒಂದು ಸಲವಾದರೂ ಇವಳು ಗೆಲ್ಲಲಿ ಎಂದು, ಎವ್ಲಿನ್ ಇಪ್ಪತ್ತೂ ಸರಿ ಒತ್ತಿದರು.

ಪಾಸಾಗುವಷ್ಟು ಅಂಕ ಬಂದವರಿಗೆ ಓದಿನ ಕ್ಲಾಸು ಬೇಡ ಎಂಬುದು ಮಂಡಳಿಯ ನಿಯಮ. ಪಟ್ಟಿಯಿಂದ ನತಾಶಾಳ ಹೆಸರು ತಾನಾಗಿ ಹೋಯಿತು. ಪಟ್ಟಿಯಲ್ಲಿಲ್ಲದವರನ್ನು ಆ ಕ್ಲಾಸಿನಲ್ಲಿ ಕೂರಿಸುವಂತಿರಲಿಲ್ಲ. ಮುಂದಿನ ವಾರ ಎವ್ಲಿನ್ ಎಲ್ಲವನ್ನೂ ತಪ್ಪು ಒತ್ತಿ ಸೊನ್ನೆ ಬರಿಸಿ ನೋಡಿದರು. ಆದರೆ ಒಮ್ಮೆ ದಾಟಿದ ಮಗುವನ್ನು ಹಿಂದಕ್ಕೆ ಕರೆಯುವ ದಾರಿಯೇ ಆ್ಯಪಿನಲ್ಲಿ ಇರಲಿಲ್ಲ. ನಿಜ ಹೇಳಿದರೆ ಇಪ್ಪತ್ತಾರೂ ಪರೀಕ್ಷೆಗಳು ಬಯಲಿಗೆ ಬರುತ್ತವೆ. ಸುಮ್ಮನಿದ್ದರೆ ಹುಡುಗಿ ಅಕ್ಷರವಿಲ್ಲದೆ ಹೈಸ್ಕೂಲು ಹತ್ತುತ್ತಾಳೆ. ಅವಳೋ ದಿನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವಳು: “ಟೀಚರ್, ನನ್ನ ಕ್ಲಾಸ್ ಇವತ್ತಾದ್ರೂ ಉಂಟಾ?”

ಶುಕ್ರವಾರ ಹೆಡ್‌ಮಾಸ್ಟರ್ ರಘುವೀರ ಎವ್ಲಿನ್, ನತಾಶಾ ಇಬ್ಬರನ್ನೂ ಟ್ಯಾಬಿನ ಕೋಣೆಗೆ ಕರೆದರು.

“ಸೊನ್ನೆಯಿಂದ ಇಪ್ಪತ್ತಕ್ಕೆ ಹಾರಿದ ಹುಡುಗಿ ಅಂತ ಮಂಡಳಿಯ ಪೇಜಿಗೆ ವಿಡಿಯೊ ಬೇಕಂತೆ. ಇವಳು ಟ್ಯಾಬ್ ಹಿಡಿದು ನಾಲ್ಕು ಸಾಲು ಓದ್ಲಿ. ನೀವು ನಿಮ್ಮ ಮೊಬೈಲಲ್ಲಿ ತೆಗೀರಿ ಟೀಚರ್.”

“ಅವಳಿಗೆ ಓದ್ಲಿಕ್ಕೆ ಬರುವುದಿಲ್ಲ ಸರ್.”

“ಗೊತ್ತುಂಟು. ನನಗೆಂತ ಕಣ್ಣಿಲ್ವಾ? ಬಾಯಿಪಾಠ ಮಾಡಿಸಿದ್ದೇನೆ. ಈ ವರ್ಷ ಹೆಸರು ಬರದಿದ್ರೆ ನಮ್ಮನ್ನು ಬೇರೆ ಶಾಲೆಗೆ ಸೇರಿಸಿ ಬೀಗ ಹಾಕ್ತಾರೆ. ಆಮೇಲೆ ನೀವೂ ಇಲ್ಲ, ನಾನೂ ಇಲ್ಲ.”

ಎವ್ಲಿನ್ ಮೊಬೈಲ್ ಎತ್ತಿದರು. ನತಾಶಾ ಟ್ಯಾಬನ್ನು ಎದೆಮಟ್ಟಕ್ಕೆ ಹಿಡಿದು ಗಿಳಿಯಂತೆ ಶುರುಮಾಡಿದಳು. “ನಮ್ಮದು ಡಿಜಿಟಲ್ ಶಾಲೆ. ಟ್ಯಾಬಿನಲ್ಲಿ ಓದಿ ನಾನು ಜಾಣೆಯಾದೆ...”

ಅಲ್ಲಿಗೆ ನಿಂತಳು. ಟ್ಯಾಬನ್ನು ಕೆಳಗಿಳಿಸಿದಳು.

“ಸರ್, ಇದ್ರಲ್ಲಿ ಎಂತದೂ ಇಲ್ಲ. ಬರೀ ಕಪ್ಪು.”

“ಇರ್ಲಿ, ಹೇಳು, ಹೇಳು.”

“ನನಗೆ ಓದ್ಲಿಕ್ಕೆ ಬರುವುದಿಲ್ಲ ಸರ್. ಪರೀಕ್ಷೆ ಬರೆದದ್ದು ನಾನಲ್ಲ. ನನ್ನ ಕ್ಲಾಸ್ ವಾಪಸ್ ಕೊಡಿ.”

ರಘುವೀರರ ಮುಖದ ಮೇಲಿನ ನಗು ಹಾಗೇ ಅಂಟಿಕೊಂಡಿತ್ತು. ಅವರು ಮೆಲ್ಲಗೆ ಹೇಳಿದರು, “ಡಿಲೀಟ್ ಮಾಡಿ ಟೀಚರ್. ಇನ್ನೊಮ್ಮೆ ತೆಗೆಯುವ.”

ಪರದೆಯ ಮೇಲೆ ವಿಡಿಯೊ ಇತ್ತು. ಅದರ ಪಕ್ಕದಲ್ಲೇ, ಹೆಬ್ಬೆರಳಿಗೆ ಸಿಗುವಷ್ಟು ಹತ್ತಿರ, ಕಸದ ಬುಟ್ಟಿಯ ಚಿತ್ರ. ನತಾಶಾ ಹೆಡ್‌ಮಾಸ್ಟರನ್ನು ನೋಡುತ್ತಿರಲಿಲ್ಲ, ಟೀಚರನ್ನೇ ನೋಡುತ್ತಿದ್ದಳು.

“ನಿಮ್ಮ ಒಳ್ಳೆಯದಕ್ಕೇ ಹೇಳುವುದು,” ಎಂದರು ರಘುವೀರ. “ಬರೆದದ್ದು ಯಾರು ಅಂತ ಕೇಳಿದ್ರೆ ಯಾರ ಹೆಸರು ಬರ್ತದೆ, ಗೊತ್ತುಂಟಲ್ಲ?”

“ನನ್ನದೇ ಸರ್,” ಎಂದರು ಎವ್ಲಿನ್. “ಬರ್ಲಿ. ನಾನು ಡಿಲೀಟ್ ಮಾಡುವುದಿಲ್ಲ.”