ಮೂರು ಸಲ ಕೂಗಿದ ಆರು ಲಕ್ಷ

ಮೇ ತಿಂಗಳ ಮೊದಲ ವಾರ, ಬೆಳಿಗ್ಗೆ ಐದೂವರೆ. ಬಂದರಿನ ಹರಾಜಿನಲ್ಲಿ ಬಂಗುಡೆ ಕೊಂಡು ಬುಟ್ಟಿ ಕಟ್ಟುತ್ತಿದ್ದೆ. ಮೊಮ್ಮಗಳು ನವ್ಯಾಳ ಫೋನ್ ಬಂತು. ಎರಡು ವಿಶ್ವವಿದ್ಯಾಲಯಗಳಿಂದ ಕಾಗದ ಬಂದಿದೆ, ಎರಡೂ ಕಡೆ ಸೀಟಿದೆ, ಫೀಸೂ ಸ್ವಲ್ಪ ಬಿಡುತ್ತಾರಂತೆ. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ ಹುಡುಗಿ.

ಮಧ್ಯಾಹ್ನ ಮೀನು ಮಾರಿ ಹೆಮ್ಮಾಡಿಯ ಮನೆಗೆ ಬಂದ ಮೇಲೆ ಅವಳು ಎರಡನ್ನೂ ಓದಿ ಹೇಳಿದಳು. ಎರಡೂ ಪುಣೆ ಕಡೆಯ ದುಬಾರಿ ಖಾಸಗಿ ಕಾಲೇಜು. ಮೊದಲನೆಯದು ಅರ್ಧ ಫೀಸು ಬಿಡುತ್ತದೆ, ಹಾಸ್ಟೆಲ್ ಊಟ ಸೇರಿ ನಾಲ್ಕು ವರ್ಷಕ್ಕೆ ಹದಿನೈದು ಲಕ್ಷ. ಎರಡನೆಯದು ಕಾಲು ಭಾಗ ಮಾತ್ರ ಬಿಡುತ್ತದೆ, ಹದಿನೆಂಟು ಲಕ್ಷ.

"ಹದಿನೈದರದ್ದೇ ಅಡ್ಡಿಲ್ಲೆ ಅಲ್ದಾ ಅಮ್ಮಮ್ಮ? ಮೂರ್ ಲಕ್ಷ ಉಳಿತ್."

"ಕಡಿಗೆ ಸಣ್ಣಕ್ಷರದಲ್ಲ್ ಎಂತ ಬರ್ದಿತ್ತ್? ಅದ್ನ್ ಓದ್."

"ಪ್ರತಿ ವರ್ಷ ಎಂಟೂವರೆ ಗ್ರೇಡ್ ತೆಗೀಕ್ ಅಂಬ್ರ್. ಇಲ್ದಿರೆ ಮುಂದಿನ ವರ್ಷದಿಂದ ಪೂರಾ ಫೀಸ್."

"ಎಷ್ಟ್ ಮಕ್ಕಳ್ ತೆಗಿತ್ರ್ ಅಂದ್ ಬರ್ದಿತ್ತಾ?"

"ಇಲ್ಲೆ."

ನನ್ನ ಮಗ ರತನ್, ಅವಳ ಅಪ್ಪ, ನಕ್ಕ. "ಅಬ್ಬಿ, ಇದ್ ಕಾಲೇಜ್. ಮೀನ್ ಏಲಂ ಅಲ್ಲ."

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಇಂಥ ಕಾಗದ ನನಗೆ ಗೊತ್ತಿತ್ತು. ಮೊದಲ ವರ್ಷ ಬಿಡುವುದು, ನಡುನೀರಿಗೆ ಬಂದ ಮೇಲೆ ಕೇಳುವುದು. ಷರತ್ತಿಲ್ಲದ ಹದಿನೆಂಟು ಲಕ್ಷದ್ದನ್ನೇ ಹಿಡಿಯಿರಿ ಅಂದೆ.

ಕುಂದಾಪುರದ ಬ್ಯಾಂಕಿನಲ್ಲಿ ಏಳೂವರೆ ಲಕ್ಷದವರೆಗೆ ಅಡವಿಲ್ಲದೆ ಸಾಲ ಕೊಡುತ್ತೇವೆ, ಮೇಲಾದರೆ ಜಾಗದ ಪತ್ರ ಇಡಬೇಕು ಎಂದರು. ನಮ್ಮ ಕೈಯಲ್ಲಿ ಬಂಗಾರ, ಚೀಟಿ, ಎಲ್ಲ ಸೇರಿ ನಾಲ್ಕೂವರೆ. ಆರು ಲಕ್ಷ ಕಡಿಮೆ ಬಿತ್ತು. ನಮಗಿರುವುದು ಹೆದ್ದಾರಿ ಬದಿಯ ಹತ್ತು ಸೆಂಟ್ಸ್ ಮಾತ್ರ. ಅದನ್ನು ಇಡಲು ನನಗೆ ಮನಸ್ಸಿರಲಿಲ್ಲ.

ಆಗ ಪ್ರೇಮಾನಂದ ಹೇಳಿ ಕಳಿಸಿದ. ಬಂದರಿನಲ್ಲಿ ಅವನದು ಏಲಂ ಶೆಡ್ಡು, ದೋಣಿಯವರ ಮೀನನ್ನು ಹರಾಜು ಕೂಗಿ ನಮ್ಮಂಥವರಿಗೆ ಮಾರುವ ಜಾಗ. ಅಪ್ಪನ ಹೆಸರಿನಲ್ಲಿ ಟ್ರಸ್ಟ್ ಮಾಡಿದ್ದಾನೆ. ನಮ್ಮ ಹುಡುಗಿಗೆ ಆರು ಲಕ್ಷದ ವಿದ್ಯಾರ್ಥಿವೇತನ, ಸಮಾರಂಭದಲ್ಲಿ ಶಾಲು ಹೊದೆಸಿ ಕೊಡುತ್ತಾನಂತೆ. ರತನ್ ಕುಣಿದಾಡಿದ. ನಾನು ಫಾರಂ ತರಿಸಿ ನವ್ಯಾಳಿಂದ ಮೂರು ಸಲ ಓದಿಸಿದೆ. ಮೂರನೇ ಹಾಳೆಯಲ್ಲಿತ್ತು: ಯಾವುದೇ ವರ್ಷ ಅಂಕ ಕಡಿಮೆಯಾದರೆ ಅಷ್ಟೂ ಹಣ ಸಾಲವಾಗುತ್ತದೆ, ನೂರಕ್ಕೆ ಹದಿನೆಂಟು ಬಡ್ಡಿ, ಹತ್ತು ಸೆಂಟ್ಸ್ ಆಧಾರ.

ಇದೇ ಬಲೆಯನ್ನು ಅವನಪ್ಪ ನನ್ನ ಗಂಡ ಗುಡ್ಡ ಅವರ ಮೇಲೆ ಬೀಸಿದ್ದ. ಮೂವತ್ತೊಂದು ವರ್ಷದ ಹಿಂದೆ ಗುಡ್ಡ ದೋಣಿಗೆ ಎಂಜಿನ್ ಕೊಳ್ಳಲು ಆ ಶೆಡ್ಡಿನಿಂದ ಮುಂಗಡ ತೆಗೆದುಕೊಂಡಿದ್ದರು. ಮುಂಗಡ ತೆಗೆದವನು ಹಿಡಿದ ಮೀನನ್ನೆಲ್ಲ ಆ ಶೆಡ್ಡಿಗೇ ಕೊಡಬೇಕು, ಅವರು ಹೇಳಿದ ಬೆಲೆಗೇ. ರತನ್ ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದ ದಿನ ಗುಡ್ಡ ಒಂದು ಬುಟ್ಟಿ ಸಿಗಡಿಯನ್ನು ಪಕ್ಕದ ಶೆಡ್ಡಿಗೆ ಮಾರಿದರು. ಮರುದಿನ ಎಂಜಿನ್ ಬಿಚ್ಚಲು ಬಂದವನು ಪ್ರೇಮಾನಂದ. ಆಗ ಅವನಿಗೆ ಇಪ್ಪತ್ತು. "ಭಾರ ಇತ್ತ್ ಗುಡ್ಡಣ್ಣ, ನೀವೇ ಹೊರಿನಿ" ಅಂದ. ಊರೆಲ್ಲ ನೋಡುತ್ತಿರುವಾಗ ಗುಡ್ಡ ತಮ್ಮ ಎಂಜಿನ್ನನ್ನು ತಾವೇ ಹೆಗಲ ಮೇಲೆ ಹೊತ್ತು ಅವರ ಶೆಡ್ಡಿಗೆ ಇಳಿಸಿ ಬಂದರು. ಆಮೇಲೆ ಕಂಡವರ ದೋಣಿಯಲ್ಲಿ ಕೂಲಿಗೆ ಹೋದರು. ಒಂಬತ್ತು ವರ್ಷ ಬದುಕಿದರು.

ನಾನು ಬೇರೆ ಶೆಡ್ಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮೂವತ್ತೊಂದು ವರ್ಷ ಅವನ ಎದುರಿಗೇ ನಿಂತು ಮೀನು ಕೊಂಡೆ. ದೂರ ಹೋದವರಿಗೆ ಏನೂ ಕಾಣುವುದಿಲ್ಲ.

"ಸಹಿ ಸಮಾರಂಭ ಆದ್ ಮೇಲೆ" ಅಂತ ಹೇಳಿ ಕಳಿಸಿದೆ. ಜೊತೆಗೆ ಮೀನು ಮಾರುವ ವನಜಳಿಗೆ ಹೇಳಿದೆ, ಅವನ ಶೆಡ್ಡಿನಲ್ಲಿ ಕೊಳ್ಳುವ ಹತ್ತೊಂಬತ್ತು ಹೆಂಗಸರೂ ಮುಂದಿನ ಸಾಲಿನಲ್ಲೇ ಕೂರಬೇಕು.

ಮೇ ಇಪ್ಪತ್ತೈದು, ಭಾನುವಾರ. ಪ್ರೇಮಾನಂದ ಶಾಲು ಹೊದೆಸಿದ, ಫೋಟೋ ತೆಗೆಸಿದ. ಎರಡು ಮಾತಾಡಿ ಅಂತ ಮೈಕನ್ನು ನನ್ನ ಮುಂದೆ ಹಿಡಿದ.

"ಪ್ರೇಮಾನಂದಣ್ಣ, ನಂಗ್ ಓದುಕ್ ಬತ್ತಿಲ್ಲೆ. ಈ ಆರ್ ಲಕ್ಷ ಕೊಟ್ಟದ್ದಾ, ಸಾಲವಾ? ಬಾಯಲ್ಲೇ ಹೇಳಿನಿ."

"ಎಂತ ಜಲಜಕ್ಕ, ಕೊಟ್ಟದ್ದೇ."

"ಒಂದ್ ಸಲ" ಅಂದೆ, ಏಲಂ ಕೂಗುವ ರಾಗದಲ್ಲಿ.

ಹೆಂಗಸರು ನಕ್ಕರು. ಸಭೆ ನಕ್ಕರೆ ಅವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ, ನನಗದು ಗೊತ್ತಿತ್ತು. ಅವನೇ ಮೈಕು ಎಳೆದುಕೊಂಡು, "ಎರಡ್ ಸಲ, ಮೂರ್ ಸಲ. ಜಲಜಕ್ಕಂಗೆ ಆಯ್ತ್" ಎಂದು ಶೆಡ್ಡಿನಲ್ಲಿ ಮಾಡುವಂತೆ ಮೇಜಿಗೆ ಬಡಿದ.

ಮೀನು ಇಳಿಸುವ ನಮ್ಮ ದಕ್ಕೆಯಲ್ಲಿ ಮೂರು ಸಲ ಕೂಗಿದ್ದಕ್ಕೆ ಕಾಗದ ಬೇಡ, ಸಹಿ ಬೇಡ. ಕೂಗಿ ಹಿಂದೆ ಸರಿದವನ ಬುಟ್ಟಿಯನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ಸೋಮವಾರ ಅವನ ಗುಮಾಸ್ತ ರೋಷನ್ ಬಾಂಡ್ ಪೇಪರ್ ಹಿಡಿದು ಮನೆಗೆ ಬಂದ.

"ಇಲ್ಲೊಂದ್ ಸಹಿ, ಅಜ್ಜಿ."

"ಏಲಂ ಆದ್ ಮೀನಿಗೆ ಎಂತದಾ ಸಹಿ? ಹೋಯಿ ಧಣಿ ಹತ್ರ ಕೇಣ್."

ರತನ್ ನನ್ನ ಮೇಲೆ ರೇಗಿದ. ಸೀಟಿಗೆ ಹಣ ಕಟ್ಟಲು ಶುಕ್ರವಾರ ಕೊನೆಯ ದಿನ, ನಿಮ್ಮ ಹಟಕ್ಕೆ ಮಗಳ ಬದುಕು ಹಾಳಾಗುತ್ತದೆ ಎಂದ. ನವ್ಯಾ ಊಟ ಬಿಟ್ಟಳು. ನನಗೂ ಹೆದರಿಕೆ ಇತ್ತು. ತೋರಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಶೆಡ್ಡಿನಲ್ಲಿ ಬಂಗುಡೆ, ಬೂತಾಯಿ ಬುಟ್ಟಿ ಸಾಲಾಗಿ ಬಂತು. ಪ್ರೇಮಾನಂದ ಕೂಗಿದ. ಹತ್ತೊಂಬತ್ತು ಹೆಂಗಸರಲ್ಲಿ ಒಬ್ಬಳೂ ಬಾಯಿ ತೆರೆಯಲಿಲ್ಲ. ಬೆಲೆ ಇಳಿಸಿದ, ಮತ್ತೂ ಇಳಿಸಿದ. ಐಸು ಕರಗಿ ನೀರು ಅವನ ಕಾಲಡಿ ಹರಿಯಿತು. ಏಳು ಗಂಟೆಗೆ ದೋಣಿಯವರು ಅವನನ್ನೇ ಬೈಯತೊಡಗಿದರು.

"ಹ್ವಾಯ್ ವನಜಕ್ಕ, ಎಂತ ಆಯ್ತ್ ನಿಮ್ಗೆಲ್ಲ?"

"ಎಂತ ಇಲ್ಲೆ ಮಾರಾಯ್ರೆ. ನೀವ್ ಕೂಗಿದ್ದ್ ನಿಜವಾ ಸುಳ್ಳಾ ಅಂದ್ ಗೊತ್ತಾತಿಲ್ಲೆ, ಅಷ್ಟೇ" ಎಂದಳು ವನಜ.

ಅವನು ನನ್ನನ್ನು ನೋಡಿದ. ಎಂಟು ಗಂಟೆಗೆ ಚೆಕ್ ಬರೆದ. ಬಾಂಡ್ ಪೇಪರನ್ನು ಎಲ್ಲರೆದುರು ಅವನ ಕೈಯಿಂದಲೇ ಹರಿದು ಹಾಕಿಸಿದೆ. ಅಂದು ಮೀನು ಕೊಂಡೆವು, ಅರ್ಧ ಬೆಲೆಗೆ. ಗುರುವಾರ ಹಣ ಖಾತೆಗೆ ಬಿತ್ತು, ಶುಕ್ರವಾರ ಸೀಟಿಗೆ ಕಟ್ಟಿದೆವು.

ಅಲ್ಲಿಗೆ ಮುಗಿಯಿತೆಂದು ರತನ್ ಅಂದುಕೊಂಡಿದ್ದ. ನಾನು ಮಾತ್ರ ಆ ಸಂಜೆ ಒಂದೊಂದೇ ಮನೆಗೆ ಹೋಗಿ ಹೆಂಗಸರಿಗೆಲ್ಲ ಹೇಳಿದೆ, ಇನ್ನು ಆ ಶೆಡ್ಡು ಬೇಡ. ನವ್ಯಾ ಅಡ್ಡ ಬಂದಳು.

"ಅವ್ರ್ ಕೊಟ್ರಲ್ಲ ಅಮ್ಮಮ್ಮ. ಇನ್ನೆಂತಕೆ?"

"ಕೊಟ್ಟದ್ದ್ ನಿಂಗೆ. ನಿನ್ ಅಜ್ಜನದ್ದ್ ಬಾಕಿ ಇತ್ತ್."

"ಅಜ್ಜಯ್ಯ ಇದ್ದಿದ್ರೆ ಬ್ಯಾಡ ಅಂತಿದ್ರ್."

"ಹೌದ್, ಅವ್ರ್ ಅಂತಿದ್ರ್" ಅಂದೆ. "ನಾನ್ ಅಂತಿಲ್ಲೆ."

ಮೇ ಮೂವತ್ತೊಂದು, ಶನಿವಾರ, ಮಳೆಗಾಲಕ್ಕೆ ದೋಣಿ ಮೇಲೆ ಎಳೆಯುವ ಮುಂಚಿನ ಕಡೆಯ ಏಲಂ. ಆ ಹತ್ತೊಂಬತ್ತು ಹೆಂಗಸರ ಬುಟ್ಟಿಯೂ ನನ್ನದೂ ಪಕ್ಕದ ಶೆಡ್ಡಿಗೆ ಹೋದವು. ಪ್ರೇಮಾನಂದ ನನ್ನ ಹಿಂದೆಯೇ ಬಂದು, ಕೊಟ್ಟ ಮಾತು ಉಳಿಸಿಕೊಂಡೆನಲ್ಲ ಜಲಜಕ್ಕ ಎಂದ. ನಾನು ಬುಟ್ಟಿ ಇಳಿಸದೆ ಪಕ್ಕದ ಶೆಡ್ಡಿಗೆ ನಡೆದೆ. ಆಗಸ್ಟ್ ಒಂದಕ್ಕೆ ದೋಣಿ ಇಳಿದಾಗ ಕೊಳ್ಳುವವರಿದ್ದ ಕಡೆಗೇ ದೋಣಿಯವರೂ ಅವನ ಮುಂಗಡ ತೀರಿಸಿ ಹೋದರು.

ರೈಲ್ವೆ ಸ್ಟೇಷನ್ನಿನಲ್ಲಿ ನವ್ಯಾ ಅಪ್ಪನ ಕಾಲು ಮುಟ್ಟಿದಳು, ನನ್ನ ಕಾಲೂ ಮುಟ್ಟಿದಳು. ನನ್ನ ಮುಖ ನೋಡಲಿಲ್ಲ. ಗಾಡಿ ಹೊರಡುವವರೆಗೆ ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಅವಳು ಹೋದದ್ದು ಆಗಸ್ಟ್ ನಾಲ್ಕು, ಸೋಮವಾರ.