ಕೈಗವಸು ಹಾಕಿಕೊಂಡ ಹಾಜರಿ

ಬೇಸಿಗೆ ಶುರುವಾಗಿ ವಾರವಾಗಿತ್ತು. ಬೆಳಗಿನ ಹತ್ತು ಗಂಟೆಗೆ ತರಬೇತಿ ಕೇಂದ್ರದ ಸಲಹಾ ಮಂಡಳಿ ನಾಲ್ಕನೆಯ ಸಲ ಕೂತಿತು. ಔಷಧಿ ಕಾರ್ಖಾನೆಗಳ ಹೊಸ ಕಂಪ್ಯೂಟರ್ ಯಂತ್ರಗಳಿಗೆ ಕೆಲಸಗಾರರನ್ನು ತಯಾರು ಮಾಡುವುದು ಹೇಗೆಂದು ಹೇಳುವ ಮಂಡಳಿ ಅದು. ಐವರು ಕಾರ್ಖಾನೆ ಮ್ಯಾನೇಜರುಗಳ ನಡುವೆ, ಮೂವತ್ತು ವರ್ಷ ಮಾತ್ರೆ ಯಂತ್ರ ನಡೆಸಿದ ಮುದುಕ ಒಬ್ಬನೇ.

ಮೂರು ಸಭೆಗಳಲ್ಲೂ ಅವನದು ಒಂದೇ ಮಾತು: ಕಾರ್ಖಾನೆಯಲ್ಲಿ ಎರಡೆರಡು ಕೈಗವಸು ಹಾಕಿಕೊಂಡು ಪರದೆ ಒತ್ತಬೇಕು, ಇಲ್ಲಿ ಬರಿಗೈಯಲ್ಲಿ ಕಲಿಸುತ್ತಾರೆ. ಮ್ಯಾನೇಜರುಗಳು 'ಗಮನಿಸಲಾಗಿದೆ' ಎಂದು ಬರೆದು ಚಹಾ ಕುಡಿದರು. ಈಗ ಇಲ್ಲೇ ಕಲಿತ ಅವನ ತಂಗಿಯ ಮಗಳನ್ನೇ, ಗವಸು ಕಳಚಿದಳೆಂದು, ಕಾರ್ಖಾನೆಯವರು ಕೆಲಸದ ಮೊದಲ ದಿನವೇ ಮನೆಗೆ ಕಳಿಸಿದ್ದರು.

"ಪರದೆ ನನ್ನ ಬೆರಳಿಗೆ ಕ್ಯಾರೇ ಅನ್ನಲಿಲ್ಲ ಮಾವ," ಅಂದಿದ್ದಳು. ಸೋಮವಾರ ಅವಳಿಗೆ ಕೊನೆಯ ಅವಕಾಶ. ಮುದುಕ ಇವತ್ತು ಅದನ್ನೂ ಸಭೆಯ ಮುಂದಿಟ್ಟ.

"ಅದನ್ನ ಮುಂದಿನ ಸಭೇಲಿ ನೋಡೋಣ ಯಜಮಾನ್ರೇ," ಅಂದರು ಅಧ್ಯಕ್ಷರು.

ಮುದುಕನಿಗೆ ತಲೆ ಚಿಟ್ಟು ಹಿಡಿಯಿತು. ಚೀಲದಿಂದ ಗವಸು ತೆಗೆದು ಹಂಚಿದ. "ಆಗ್ಲಿ ಸ್ವಾಮಿ. ಇದನ್ನ ಎರಡೆರಡು ಹಾಕ್ಕೊಂಡು, ಗೋಡೇಲಿರೋ ಆ ಪರದೆ ಮೇಲೆ ನಿಮ್ಮ ಹಾಜರಿ ಒತ್ತಿ. ತೆಗೆದವ್ರು ಆಚೆಗೆ. ನಿಯಮ ನಿಮ್ದೇ."

ಅಧ್ಯಕ್ಷರು ನಗುತ್ತಲೇ ಒತ್ತಿದರು, ತಿಕ್ಕಿದರು, ಕುಟ್ಟಿದರು; ಪರದೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ರೇಗಿ ಗವಸು ಕಿತ್ತೆಸೆದರು.

"ಗವಸನ್ನ ಬೆರಳ ತುದೀಲಿ ಬಿಗಿಯಾಗಿ ಎಳ್ಕೊಂಡು, ನಿಧಾನ ಒತ್ತಿ ಹಿಡೀಬೇಕು," ಎಂದು ಮುದುಕ ಗವಸಿನ ಕೈಯಲ್ಲೇ ತನ್ನ ಹಾಜರಿ ಹಾಕಿದ. "ಕಲಿಸಿದ್ರೆ ಅರ್ಧ ಗಂಟೆ ಕೆಲಸ."

ಅಧ್ಯಕ್ಷರು ಗುಮಾಸ್ತನ ಕಡೆ ತಿರುಗಿದರು. "ಬರ್ಕೊಳ್ಳಿ. ಇವತ್ತಿಂದಲೇ ಗವಸು ಹಾಕಿ ಕಲಿಸ್ಲಿ. ಆ ಹುಡುಗೀನೂ ಕಲಿಯೋಕೆ ಕರೀರಿ."

ಆಮೇಲೆ ಕಿತ್ತೆಸೆದ ಗವಸು ಎತ್ತಿಕೊಂಡು, ನಿಯಮದಂತೆ ತಾವೇ ಹೊರಗೆ ನಡೆದರು. ಅವತ್ತು ಗುರುವಾರ; ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.