ಮಹಡಿ ಮೇಲಿನ ಹೆಣ

“ಯಾರು ಸತ್ರು ಅಂತ ಅಳ್ತಿದ್ದೀಯೇ, ಮುಂಡೆ? ಸತ್ತಿರೋದು ನನ್ನ ತಮ್ಮ. ಮೂಗು ಒರೆಸ್ಕೊಂಡು ತೊಟ್ಟಿ ಹತ್ರ ನಡಿ!”

ಧಣಿ ಹಾಗೆ ಕಿರುಚಿದಾಗ ಅವನ ತಮ್ಮ ಮಹಡಿಯ ಮೇಲೆ ಊಟಕ್ಕೆ ಕೂತಿದ್ದ. ತಟ್ಟೆಯ ಸದ್ದು ಕೆಳಗಿದ್ದ ನಮಗೆಲ್ಲ ಕೇಳುತ್ತಿತ್ತು.

ಬಿಳಿಗೈ ಅಕ್ಕ ಮೂಗು ಒರೆಸಿಕೊಂಡಳು. ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ಕಾರ್ಖಾನೆ ನಮ್ಮದು. ಬ್ಲೀಚಿಂಗ್ ನೀರಿನಲ್ಲಿ ಕೈ ಆಡಿಸಿ ಆಡಿಸಿ ಮೊಣಕೈವರೆಗೆ ಅವಳ ಚರ್ಮ ಬೆಳ್ಳಗಾಗಿತ್ತು, ಹೆಸರು ಹಾಗೆ ಬಂದದ್ದು. ಹಿಂಡುವಾಗ ಅವಳೂ ನಾನೂ ಜೋಡಿ. ಒಂದು ತುದಿ ಅವಳಿಗೆ, ಒಂದು ನನಗೆ. ಆವತ್ತು ನಾನು ತಿರುಚುತ್ತಲೇ ಇದ್ದೆ, ಆ ಕಡೆಯ ತುದಿ ಸುಮ್ಮನೆ ಅವಳ ಕೈಯಲ್ಲಿ ತೂಗಾಡುತ್ತಿತ್ತು.

ಸತ್ತವನು ಅವಳ ಗಂಡ.

ಇಲ್ಲೇ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದ, ನಮಗೆಲ್ಲ ಬಾಯ್ಲರಣ್ಣ. ಕೆಲವು ವರ್ಷಗಳ ಹಿಂದೆ ಧಣಿಯ ಈ ತಮ್ಮನಿಗೆ, ನಮ್ಮ ಚಿಕ್ಕ ಧಣಿಗೆ, ಹೊರದೇಶದ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿತ್ತು. ಕೂತು ಮಾಡುವ ಕೆಲಸವಲ್ಲ, ಹಡಗಿನ ಹೊಟ್ಟೆಯೊಳಗೆ ಇಳಿದು ತುಕ್ಕು ಕೆರೆಯುವ ಕೆಲಸ ಅಂತ ಗೊತ್ತಾದದ್ದೇ ತಡ, ಚಿಕ್ಕ ಧಣಿಗೆ ಸೊಂಟನೋವು ಬಂತು. ಏಜೆಂಟನಿಗೆ ಕೊಟ್ಟ ದುಡ್ಡು ಮುಳುಗಬಾರದಲ್ಲ. ಧಣಿ ಬಾಯ್ಲರಣ್ಣನನ್ನು ಕರೆದ.

“ನಿನ್ನಂಥವನಿಗೆ ಪಾಸ್‌ಪೋರ್ಟ್ ಯಾವನು ಕೊಡ್ತಾನೋ? ನನ್ನ ತಮ್ಮನ ಹೆಸರಲ್ಲೇ ಹೋಗು. ಫೋಟೋ ಬದಲಾಯಿಸೋಕೆ ಜನ ಇದ್ದಾರೆ. ಸಂಬಳದಲ್ಲಿ ಅರ್ಧ ಹೆಸರಿಗೆ ಬಾಡಿಗೆ, ಅರ್ಧ ನಿನ್ನ ಹೆಂಡ್ತಿಗೆ.”

ಹೊರಡುವ ದಿನ ಬಾಯ್ಲರಣ್ಣ ನಮ್ಮೆದುರು ಎದೆ ಉಬ್ಬಿಸಿಕೊಂಡು ನಿಂತಿದ್ದ. “ಇವತ್ತಿಂದ ನಾನೇ ಚಿಕ್ಕ ಧಣಿ ಕಣ್ರೇ, ಬನ್ನಿ, ಕಾಲು ಒತ್ತಿ.” ಅಕ್ಕ ಒದ್ದೆ ಬಟ್ಟೆ ತಿರುಚಿ ಅವನ ಕುಂಡಿಗೆ ಬಾರಿಸಿದಳು. ಅವನು ನಗುತ್ತಲೇ ಓಡಿದ.

ಹಡಗಿನ ಟ್ಯಾಂಕಿನೊಳಗೆ ವಿಷಗಾಳಿ ಕುಡಿದು ಸತ್ತನಂತೆ. ಅಲ್ಲೇ ಮಣ್ಣು ಮಾಡಿದರಂತೆ. ಪರಿಹಾರ, ಉಳಿದ ಸಂಬಳ, ಎಲ್ಲ ಸತ್ತವನ ಮನೆಯವರಿಗೆ ಬರುತ್ತದಂತೆ. ಸುದ್ದಿ ಬಂದದ್ದು ಧಣಿಯ ಮನೆಗೆ, ಹೆಸರು ಆ ಮನೆಯದಲ್ಲವೇ. ಅವತ್ತೇ ಚಿಕ್ಕ ಧಣಿಯನ್ನು ಕಾರ್ಖಾನೆಯ ಮಹಡಿ ಹತ್ತಿಸಿ ಕಿಟಕಿ ಮುಚ್ಚಿದರು. ಅವನ ಹೆಂಡತಿ ಪೌಡರು ಹಚ್ಚುವುದನ್ನು ನಿಲ್ಲಿಸಿದಳು, ಅವಳ ದುಃಖ ಅಷ್ಟೇ.

ನಾನೂ ಅಕ್ಕನೂ ಪರಿಹಾರ ಕೇಳಲು ಸರ್ಕಾರಿ ಕಚೇರಿಗೆ ಹೋದೆವು. ಗುಮಾಸ್ತ ಹಲ್ಲಿನ ಸಂದಿ ಕೆದಕುತ್ತಾ ಕಂಪ್ಯೂಟರ್ ನೋಡಿದ.

“ನಿನ್ನ ಗಂಡ ಸತ್ತಿಲ್ಲ ಕಣಮ್ಮ.”

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅಕ್ಕನ ಮುಖ ಅರಳಿತು. ಅದನ್ನು ನಾನು ನೋಡಬಾರದಿತ್ತು.

“ಇಲ್ಲಿ ನೋಡು, ಅವನು ದೇಶ ಬಿಟ್ಟೇ ಇಲ್ಲ. ಸತ್ತಿದ್ದು ಹೇಗೆ? ಯಾವಳನ್ನೋ ಕಟ್ಕೊಂಡು ಓಡಿಹೋಗಿರ್ತಾನೆ, ಹುಡುಕು ಹೋಗು.” ಪಕ್ಕದವನಿಗೆ ಕಣ್ಣು ಹೊಡೆದ. “ಗಂಡನ್ನ ಮನೇಲಿ ಇಟ್ಕೊಳ್ಳೋಕೆ ಬರಲ್ಲ, ಪರಿಹಾರ ಕೇಳೋಕೆ ಬರುತ್ತೆ.”

ಈ ವಿಷಯ ಧಣಿಗೆ ಗೊತ್ತಾಗದೆ ಇರುತ್ತದೆಯೇ? ಮಾರನೆಯ ದಿನ ಒಣಗಿಸುವ ಯಂತ್ರದ ಹಿಂದೆ ಅಕ್ಕನ ಜುಟ್ಟು ಹಿಡಿದ.

“ಬಾಯಿ ಬಿಟ್ರೆ ಏನಾಗುತ್ತೆ ಗೊತ್ತೇನೇ? ಕಳ್ಳ ಪಾಸ್‌ಪೋರ್ಟಲ್ಲಿ ಹೋದವನ ಹೆಂಡ್ತಿ ಅಂತ ನಿನ್ನೇ ಒಳಗೆ ಹಾಕ್ತಾರೆ. ತೆಪ್ಪಗಿದ್ರೆ ನಿನಗೂ ಏನಾದ್ರೂ ನೋಡ್ತೀನಿ. ತನಿಖೆ ಸಾಹೇಬರು ಬರ್ತಾರೆ, ಹೆಣದ ಫೋಟೋ ತರ್ತಾರೆ, ತಮ್ಮನ ಹೆಂಡ್ತಿ ಹೌದು ಅಂತಾಳೆ, ಮುಗೀತು.”

“ಹೂಂ ಧಣಿ,” ಎಂದಳು ಅಕ್ಕ. ಆಮೇಲೆ ಮೆಲ್ಲಗೆ, “ಆ ಫೋಟೋ ನಂಗೊಂದ್ಸಲ ತೋರಿಸ್ತೀರಾ?”

“ಅದನ್ನ ನೋಡಿ ಏನ್ ಕಿಸೀತೀಯ? ಸತ್ತವರು ಎಲ್ಲ ಒಂದೇ ಥರ ಇರ್ತಾರೆ.”

ಆಮೇಲೆ ದಿನವಿಡೀ ಅವಳು ನನ್ನನ್ನು ಅದೊಂದನ್ನೇ ಕೇಳಿದಳು. “ಮುಖ ಕಾಣೋ ಹಾಗೆ ತೆಗೆದಿರ್ತಾರಾ? ಏನೇ, ಮುಖ ತೆಗೀತಾರೆ ತಾನೇ?”

ಸಾಹೇಬ ಬಂದ. ಧಣಿಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಫೋಟೋ ಮೇಜಿನ ಮೇಲಿಟ್ಟ. ನಾವು ಬಾಗಿಲಾಚೆ ಮಡಿಸಿದ ಹಾಸುಬಟ್ಟೆ ಜೋಡಿಸುತ್ತಿದ್ದೆವು.

“ಇವರೇನಾ ನಿಮ್ಮ ಯಜಮಾನ್ರು?”

ಚಿಕ್ಕ ಧಣಿಯ ಹೆಂಡತಿ ಮುಖ ಆ ಕಡೆ ತಿರುಗಿಸಿಯೇ “ಹೌದು” ಎಂದಳು.

“ಸರಿಯಾಗಿ ನೋಡಿ ಹೇಳಮ್ಮ.”

“ನೋಡೋಕಾಗಲ್ಲ ಸಾರ್, ವಾಂತಿ ಬರುತ್ತೆ.”

“ದುಃಖ ಸಾರ್, ದುಃಖ,” ಎಂದ ಧಣಿ. “ಏಯ್, ಯಾರಲ್ಲಿ, ಸಾಹೇಬರಿಗೆ ನೀರು!”

ನೀರು ತೆಗೆದುಕೊಂಡು ಒಳಗೆ ಹೋದವಳು ಅಕ್ಕ. ನಾವ್ಯಾರೂ ಅವಳನ್ನು ತಡೆಯಲಿಲ್ಲ. ಲೋಟ ಇಟ್ಟಳು. ಫೋಟೋ ನೋಡಿದಳು. ಕತ್ತಿನವರೆಗೆ ಹಾಸುಬಟ್ಟೆ ಹೊದ್ದು ಬಾಯ್ಲರಣ್ಣ ಮಲಗಿದ್ದ, ಕಣ್ಣು ಅರೆ ತೆರೆದಿತ್ತು. ಅಕ್ಕ ತನ್ನ ಬಿಳಿ ಹೆಬ್ಬೆರಳನ್ನು ಆ ಕಣ್ಣಿನ ಮೇಲಿಟ್ಟು ಕೆಳಕ್ಕೆ ಸವರಿದಳು. ಮತ್ತೆ ಸವರಿದಳು.

“ಕಣ್ಣು ಮುಚ್ಚೋಕೂ ಯಾರೂ ಇರ್ಲಿಲ್ವೇನೋ ನಿಂಗೆ...”

“ಯಾರಿವಳು?” ಎಂದ ಸಾಹೇಬ.

“ಕೆಲಸದವಳು ಸಾರ್, ತಲೆ ನೆಟ್ಟಗಿಲ್ಲ. ನಡಿಯೇ ಆಚೆ!”

“ಇವನ ಹೆಂಡ್ತಿ ನಾನು.”

“ದಾಖಲೆ ಇದ್ಯಾ?”

ಅಕ್ಕ ಕೈ ನೋಡಿಕೊಂಡಳು. ನನಗೆ ಎಲ್ಲಿಂದ ಧೈರ್ಯ ಬಂತೋ. “ದಾಖಲೆ ಮಹಡಿ ಮೇಲೆ ಉಣ್ತಾ ಇದೆ ಸಾರ್, ತರ್ತೀವಿ ಇರಿ,” ಎಂದವಳೇ ಮೆಟ್ಟಿಲಿಗೆ ಓಡಿದೆ. ಹಿಂದೆ ತಿರುಗಿ ನೋಡಿದರೆ ತೊಟ್ಟಿಯ ಹೆಂಗಸರು, ಇಸ್ತ್ರಿಯ ಹೆಂಗಸರು, ಎಲ್ಲರೂ ನನ್ನ ಹಿಂದಿದ್ದರು.

ಒಳಚಡ್ಡಿಯಲ್ಲೇ ಅವನನ್ನು ಎಳೆದು ತಂದೆವು. ಬೆರಳಿಗೆ ಅನ್ನ ಮೆತ್ತಿತ್ತು. “ಬಿಡ್ರೇ ಹಲ್ಕಾ ರಂಡೇರಾ! ಅಣ್ಣಾ!”

“ತಗೊಳ್ಳಿ ಸಾರ್ ನಿಮ್ಮ ಹೆಣ,” ಎಂದಳು ಇಸ್ತ್ರಿಯ ಅಜ್ಜಿ. “ಜೋಪಾನ, ಕಚ್ಚುತ್ತೆ.”

“ರೀ, ಅಂಗಿ ಆದ್ರೂ ಹಾಕ್ಕೊಂಡು ಬರಬಾರದಾ!” ಎಂದು ಅವನ ಹೆಂಡತಿಯ ಬಾಯಿ ಜಾರಿತು.

ಸಾಹೇಬ ಗಂಡ ಹೆಂಡತಿ ಇಬ್ಬರನ್ನೂ ನೋಡಿದ. ಆಮೇಲೆ ಕಡತ ಮುಚ್ಚಿದ. “ಈ ಹೆಸರಿನವನು ಬದುಕಿದ್ದಾನೆ. ಸತ್ತವನು ಯಾರೋ ಗೊತ್ತಿಲ್ಲ. ಹಣ ವಾಪಸ್ಸು.”

“ದುಡಿದವನು ನನ್ನ ಗಂಡ ಸಾರ್. ಸತ್ತವನೂ ಅವನೇ. ಆ ದುಡ್ಡು ನಂದು.”

“ಇರಬಹುದಮ್ಮ. ಅದು ನನ್ನ ವ್ಯಾಪ್ತಿಗೆ ಬರಲ್ಲ.”

ಧಣಿ ಹಲ್ಲು ಕಡಿದ. “ನಂಗೂ ಇಲ್ಲ, ನಿಂಗೂ ಇಲ್ಲ. ತಣ್ಣಗಾಯ್ತೇನೇ ಹೊಟ್ಟೆ?”

ಫೋಟೋ ಅಕ್ಕನ ಕೈಯಲ್ಲಿತ್ತು, ಸಾಹೇಬ ಕೈ ಚಾಚಿದ. “ಫೋಟೋ ಕೊಡು. ಸರ್ಕಾರದ್ದು. ಸಂಬಂಧಪಟ್ಟವರಿಗೆ ಬಿಟ್ಟು ಬೇರೆಯವರಿಗೆ ಕೊಡೋ ಹಾಗಿಲ್ಲ.”

ಅಕ್ಕ ಫೋಟೋವನ್ನು ರವಿಕೆಯೊಳಗೆ ಸೇರಿಸಿದಳು. “ಗಂಡಸಾದ್ರೆ ಕಿತ್ಕೋ.”

ಪೊಲೀಸರು ಬಂದರು. ಮೈ ತಡಕಲು ಹೆಂಗಸು ಪೊಲೀಸ್ ಬರಬೇಕೆಂದು ಅವಳನ್ನು ಹಾಸುಬಟ್ಟೆಯ ಮೂಟೆಗಳ ಮೇಲೆ ಕೂರಿಸಿದರು. ನಾವು ಅವಳ ಸುತ್ತ ನಿಂತೆವು, ಯಾರೂ ತೊಟ್ಟಿಗೆ ಹೋಗಲಿಲ್ಲ. ಪೇದೆಯೊಬ್ಬ ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಕಳವಿನ ದೂರು ಬರೆಯತೊಡಗಿದ.

“ಗಂಡನ ಹೆಸರು?”

ಹೇಳಿದಳು. ಇಷ್ಟು ವರ್ಷ ಗಟ್ಟಿಯಾಗಿ ಹೇಳಬಾರದೆಂದು ನಮಗೆಲ್ಲ ತಾಕೀತಾಗಿದ್ದ ಹೆಸರು.

“ಇದ್ದಾನಾ?”

“ಸತ್ತಿದ್ದಾನೆ.”

ಪೇದೆ ತಲೆ ಎತ್ತದೆ ಬರೆದುಕೊಂಡ. ದಾಖಲೆ ಕೇಳಲಿಲ್ಲ.

“ಏನ್ ಬರ್ದ್ರಿ, ಓದಿ ಸಾರ್.”

ಅವನು ಓದಿದ. ಬಾಯ್ಲರಣ್ಣನ ಹೆಸರು, ಆಮೇಲೆ “ಮೃತ, ಇವನ ಹೆಂಡತಿ. ಕಸುಬು, ಬಟ್ಟೆ ಒಗೆಯುವುದು. ಕದ್ದ ಮಾಲು, ಒಂದು ಫೋಟೋ.”

ಅಕ್ಕ ಎದೆಯ ಮೇಲೆ ಎರಡೂ ಕೈ ಒತ್ತಿಕೊಂಡು ಕೇಳಿಸಿಕೊಂಡಳು.

“ಮೊದಲಿಂದ ಇನ್ನೊಂದ್ಸಲ ಓದಿ,” ಎಂದಳು.